ಸೇನೆಯಲ್ಲಿ ಅನಸ್ತೇಷಿಯಾ ಕೊಡುವ ನರ್ಸ್ ಆಗಬೇಕೆಂದಿರುವ ದುರ್ಗದ ತಂಗಿಗೆ

ತಂಗಿ,

ನಿನ್ನ ಪತ್ರ ಓದಿದೆ. ಚಿತ್ರದುರ್ಗದವಳು, ಬಿ.ಎಸ್ಸಿ ನರ್ಸಿಂಗ್ ಮುಗಿಸಿ ದಾವಣಗೆರೆಯಲ್ಲಿ ಐಸಿಯು ಡ್ಯೂಟಿ ಮಾಡಿದವಳು, ಮದುವೆಯಾಗಿ ಮುಂದಿನ ತಿಂಗಳು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋಗೆ ಹೊರಟಿದ್ದೀಯ. ಯಜಮಾನರು ಆಗಲೇ ಅಮೆರಿಕದ ಪ್ರಜೆ. ಮೂರು ವಿಷಯ ಕೇಳಿದ್ದೀಯ. ಅಲ್ಲಿ ಡಾಕ್ಟರ್ ಇಲ್ಲದೆ ನರ್ಸ್‌ಗಳೇ ಅನಸ್ತೇಷಿಯಾ ಕೊಡ್ತಾರಂತೆ, ನಿಜಾನಾ? ನಿಮ್ಮ ಹಾಗೆ ನಾನೂ ಅಮೆರಿಕದ ಸೇನೆ ಸೇರಬಹುದಾ? ಯುದ್ಧದ ಗಾಯ ನೋಡಿ ತಡೆದುಕೊಳ್ಳೋದು ಹೇಗೆ? ಇದೆಲ್ಲ ಕೇಳಿ ನಿನ್ನ ಅಮ್ಮ ಊಟ ಬಿಟ್ಟಿದ್ದಾರೆ ಅಂತಲೂ ಬರೆದಿದ್ದೀಯ. ನಾನು ಈಗ ರಜೆಗೆ ಬಂದು ದಾವಣಗೆರೆಯ ವಿದ್ಯಾನಗರದಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಬಿಡುವಿದೆ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಅಕ್ಕ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಮಾತಾಡಿಸುತ್ತೇನೆ.

ಮೊದಲನೆಯದು ನಿಜ. ನಮ್ಮಲ್ಲಿ ಅನಸ್ತೇಷಿಯಾ ಅಂದರೆ ಎಂಡಿ ಅಥವಾ ಡಿಎ ಮಾಡಿದ ಡಾಕ್ಟರ ಕೆಲಸ. ನರ್ಸ್ ಟ್ರೇ ಜೋಡಿಸುತ್ತಾಳೆ, ಔಷಧಿ ಎಳೆದು ಕೊಡುತ್ತಾಳೆ. ಅಮೆರಿಕದಲ್ಲಿ ಐಸಿಯು ಅನುಭವ ಇರುವ ನರ್ಸ್ ಮತ್ತೆ ಮೂರು ವರ್ಷದಷ್ಟು ಓದಿ, ಡಾಕ್ಟರೇಟ್ ಪಡೆದು, ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆ ಪಾಸಾದರೆ ತಾನೇ ಅನಸ್ತೇಷಿಯಾ ಕೊಡಬಹುದು. ಸಿಆರ್‌ಎನ್‌ಎ ಅಂತಾರೆ. ಇದೇನು ಈಚಿನದಲ್ಲ. ಮೊದಲ ಮಹಾಯುದ್ಧದ ಶುರುವಿನಲ್ಲೇ ಅಗಾಥಾ ಹಾಜಿನ್ಸ್ ಎಂಬ ನರ್ಸ್, ಸರ್ಜನ್ ಜಾರ್ಜ್ ಕ್ರೈಲ್ ಅವರ ತಂಡದ ಜೊತೆ ಫ್ರಾನ್ಸ್‌ಗೆ ಹೋಗಿ ಗಾಯಾಳು ಸೈನಿಕರಿಗೆ ಅನಸ್ತೇಷಿಯಾ ಕೊಟ್ಟರು. 1931ರಲ್ಲಿ ಈ ನರ್ಸ್‌ಗಳ ಸಂಘ ಕಟ್ಟಿದವರೂ ಅವರೇ. ದೊಡ್ಡ ಸೇನಾ ಆಸ್ಪತ್ರೆಗಳಲ್ಲಿ ಅನಸ್ತೇಷಿಯಾ ಡಾಕ್ಟರುಗಳೂ ಇರುತ್ತಾರೆ. ಆದರೆ ಯುದ್ಧ ನಡೆಯುವ ಜಾಗಕ್ಕೆ ಹತ್ತಿರವಾದಷ್ಟೂ ಈ ಕೆಲಸ ನರ್ಸ್ ಕೈಗೇ ಬರುತ್ತದೆ.

ನಾನು ಆಫ್ಘಾನಿಸ್ತಾನದಲ್ಲಿದ್ದಾಗ ಇಂಥದ್ದೇ ಒಂದು ಸರ್ಜರಿ ತಂಡದಲ್ಲಿದ್ದೆ. ಇಡೀ ತಂಡ 20 ಜನ. ಸರ್ಜನ್‌ಗಳು, ನರ್ಸ್‌ಗಳು, ಟೆಕ್ನಿಷಿಯನ್‌ಗಳು, ಎರಡು ಆಪರೇಷನ್ ಟೇಬಲ್. ಅನಸ್ತೇಷಿಯಾ ಕೊಡುವವರು ಇಬ್ಬರು, ಇಬ್ಬರೂ ನರ್ಸ್‌ಗಳೇ. ಎಷ್ಟೋ ಸಲ ತಂಡವನ್ನು ಎರಡು ಭಾಗ ಮಾಡಿ ಬೇರೆ ಬೇರೆ ಕಡೆ ಕಳಿಸುತ್ತಿದ್ದರು. ಆಗ ರೋಗಿಯ ತಲೆಯ ಹತ್ತಿರ ನಾನೊಬ್ಬಳೇ. ಫೋನ್ ಮಾಡಿ ಕೇಳೋಣ ಅಂದರೆ ಕನ್ಸಲ್ಟೆಂಟ್ ಇಲ್ಲ, ಕೇಳುವಷ್ಟು ಹೊತ್ತೂ ಇಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ನೀನು ರಕ್ತದ ಬಗ್ಗೆ, ಗಾಯದ ಬಗ್ಗೆ ಕೇಳಿದ್ದೀಯ. ಅವು ನಿನಗೆ ಹೊಸದಲ್ಲ. ಹೈವೇಯಲ್ಲಿ ಲಾರಿಗೆ ಸಿಕ್ಕವರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದದ್ದನ್ನು ನೀನು ಕ್ಯಾಶುವಾಲ್ಟಿಯಲ್ಲಿ ನೋಡಿದವಳು. ಕಷ್ಟ ಇರುವುದು ತೀರ್ಮಾನ ತೆಗೆದುಕೊಳ್ಳುವುದರಲ್ಲಿ. ನಾವು ಇಲ್ಲಿ ಕಲಿತದ್ದು ಆರ್ಡರ್ ಬರಲಿ ಅಂತ ಕಾಯುವುದನ್ನು. ರೋಗಿ ಕೈಬಿಟ್ಟು ಹೋಗ್ತಿದ್ದಾನೆ ಅಂತ ನಮಗೆ ಮೊದಲೇ ಗೊತ್ತಾಗಿರುತ್ತದೆ, ಆದರೂ ಡಾಕ್ಟರು ಬಂದು ಹೇಳುವವರೆಗೆ ಕಾಯುತ್ತೇವೆ. ಅಲ್ಲಿ ಕಾದರೆ ಜೀವ ಹೋಗುತ್ತದೆ.

ಒಂದು ಕೇಸ್ ಹೇಳುತ್ತೇನೆ, ಕೆಲಸ ಹೇಗಿರುತ್ತದೆ ಅಂತ ಗೊತ್ತಾಗಲಿ. ನೆಲಬಾಂಬ್ ತುಳಿದ ಹುಡುಗ. ಹೆಲಿಕಾಪ್ಟರ್‌ನಲ್ಲಿ ಬಂದ. ಎರಡೂ ಕಾಲಿಗೆ ರಕ್ತ ನಿಲ್ಲಿಸುವ ಪಟ್ಟಿ, ಅಂದರೆ ಟೂರ್ನಿಕೆ, ಬಿಗಿದಿದ್ದರು, ಕಟ್ಟಿದ ಸಮಯ ಅದರ ಮೇಲೇ ಬರೆದಿತ್ತು. ಕಾಲಿನ ರಕ್ತ ನಿಂತಿತ್ತು, ಹೊಟ್ಟೆ ಉಬ್ಬುತ್ತಿತ್ತು. ಒಳಗೆ ರಕ್ತ ಸೋರುತ್ತಿದೆ ಅಂತ ಅರ್ಥ. ಹೊಟ್ಟೆಯೊಳಗೆ ರಕ್ತ ತುಂಬಿದಾಗ ಹೊಟ್ಟೆಯ ಸ್ನಾಯುವಿನ ಬಿಗಿಯೇ ಸ್ವಲ್ಪ ಮಟ್ಟಿಗೆ ಅದನ್ನು ಒತ್ತಿ ಹಿಡಿದಿರುತ್ತದೆ. ಸ್ನಾಯು ಸಡಿಲ ಮಾಡುವ ಔಷಧಿ ಒಳಗೆ ಹೋದ ಕೂಡಲೇ ಆ ಬಿಗಿ ಬಿಡುತ್ತದೆ, ಬಿಪಿ ಧಡಕ್ಕನೆ ಬೀಳುತ್ತದೆ. ಅದಕ್ಕೇ ಮೊದಲು ಸರ್ಜನ್ ಹೊಟ್ಟೆಗೆ ಔಷಧಿ ಬಳಿದು, ಬಟ್ಟೆ ಹೊದಿಸಿ, ಬ್ಲೇಡ್ ಹಿಡಿದು ಸಿದ್ಧವಾಗಿ ನಿಲ್ಲಬೇಕು. ಆಮೇಲೆ ನಾನು ಇಂಜೆಕ್ಷನ್ ಕೊಡುವುದು. ಸರ್ಜನ್ ಅವಸರ ಮಾಡಿದರೆ ಅಥವಾ ಇನ್ನೂ ಗ್ಲೌಸ್ ಹಾಕಿಕೊಳ್ಳುತ್ತಿದ್ದರೆ, 'ನಿಲ್ಲಿ' ಅಂತ ಹೇಳಬೇಕಾದವಳು ನಾನು. ಅವರು ನನಗಿಂತ ಎಷ್ಟೇ ಮೇಲಿನ ಅಧಿಕಾರಿಯಾಗಿದ್ದರೂ ಸರಿಯೇ.

ಪ್ರಜ್ಞೆ ತಪ್ಪಿಸುವ ಔಷಧಿ ಕೆಟಮಿನ್. ಎಲ್ಲರಿಗೂ ಕೊಡುವ ಡೋಸ್ ಅವನಿಗೆ ಕೊಟ್ಟರೆ ಹೃದಯ ನಿಂತು ಹೋಗಬಹುದು. ರಕ್ತ ಹೋಗಿ ಬಿಪಿ ಕುಸಿದು ಶಾಕ್‌ನಲ್ಲಿರುವವನಿಗೆ ಕೆಟಮಿನ್ ಅರ್ಧಕ್ಕೆ ಇಳಿಸಬೇಕು, ಸ್ನಾಯು ಸಡಿಲಿಸುವ ರೋಕ್ಯುರೋನಿಯಂ ಮಾತ್ರ ಹೆಚ್ಚಿಸಬೇಕು, ಯಾಕೆಂದರೆ ರಕ್ತ ನಿಧಾನವಾಗಿ ಓಡುತ್ತಿರುತ್ತದೆ. ಎಷ್ಟು ಇಳಿಸಬೇಕು, ಎಷ್ಟು ಹೆಚ್ಚಿಸಬೇಕು ಅಂತ ಅವನ ಮುಖ ನೋಡಿ, ನಾಡಿ ಮುಟ್ಟಿ ನೀನೇ ಹೇಳಬೇಕು. ಉಸಿರಾಟದ ಟ್ಯೂಬ್ ಹಾಕಿದ ಮೇಲೆ ನಿಜವಾದ ಕೆಲಸ ಶುರು: ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್ ಒಂದಕ್ಕೊಂದು ಸಮ. ಸಲೈನ್ ಸುರಿಯುವುದು ತಪ್ಪು, ಅದು ಇದ್ದ ರಕ್ತವನ್ನೂ ನೀರು ಮಾಡುತ್ತದೆ. ರಕ್ತ ಸೋರುವುದನ್ನು ತಗ್ಗಿಸುವ ಟ್ರಾನೆಕ್ಸಮಿಕ್ ಆಸಿಡ್ ಗಾಯವಾದ ಮೂರು ಗಂಟೆಯೊಳಗೆ ಹೋಗಬೇಕು. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದರೆ ನಾವು ಇಲ್ಲಿ ಕೊಡುತ್ತೇವಲ್ಲ, ಅದೇ. ಬ್ಯಾಗಿನ ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕಿರುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಹಾಗಾಗಿ ಕ್ಯಾಲ್ಸಿಯಂ ಮರೆಯುವಂತಿಲ್ಲ. ಮೈ ತಣ್ಣಗಾಗಲೂ ಬಿಡಬಾರದು. ಹೊರಗೆ ಮರುಭೂಮಿಯ ಬಿಸಿಲು, ಒಳಗೆ ನಾವು ಹೀಟರ್ ಹಾಕಿಕೊಂಡು ಬೆವರುತ್ತಿರುತ್ತೇವೆ. ರೋಗಿ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಆಮೇಲೆ ಎಂಥ ಸರ್ಜನ್ ಇದ್ದರೂ ಉಪಯೋಗವಿಲ್ಲ.

ಆ ರಾತ್ರಿ ನಮ್ಮ ಫ್ರಿಜ್‌ನಲ್ಲಿದ್ದ ರಕ್ತ ಮುಗಿಯುತ್ತಾ ಬಂತು. ಹೊಸದಾಗಿ ರಕ್ತ ಬೇಕು ಅಂತ ನಾನೇ ಹೇಳಿದೆ. ಮೈಕ್‌ನಲ್ಲಿ ಕೂಗಿದರು. ಶಿಬಿರದಲ್ಲಿದ್ದ ಸೈನಿಕರ ರಕ್ತದ ಗುಂಪು, ಪರೀಕ್ಷೆ ಎಲ್ಲ ಮೊದಲೇ ಆಗಿರುತ್ತದೆ. ಅಡುಗೆಯವರು, ಗಾಡಿ ಓಡಿಸುವವರು, ಈಗಷ್ಟೇ ಪಾಳಿ ಮುಗಿಸಿ ಮಲಗಿದವರು, ಎಲ್ಲ ಎದ್ದು ಬಂದು ತೋಳು ಚಾಚಿ ಸಾಲಾಗಿ ನಿಂತರು. ಅವರ ಮೈಯಿಂದ ತೆಗೆದ ರಕ್ತ ಇನ್ನೂ ಬೆಚ್ಚಗಿರುವಾಗಲೇ ಅವನ ಮೈಗೆ ಹೋಯಿತು. ಇಲ್ಲಿ ಒಂದು ಬಾಟಲಿ ರಕ್ತಕ್ಕೆ ರೋಗಿಯ ಕಡೆಯವರು ಬ್ಲಡ್ ಬ್ಯಾಂಕ್‌ನಿಂದ ಬ್ಲಡ್ ಬ್ಯಾಂಕ್‌ಗೆ ಓಡುವುದನ್ನು ನಾನು ನೋಡುತ್ತಲೇ ಬೆಳೆದವಳು. ಅಂದು ಆ ಸಾಲು ನೋಡಿದಾಗ ಆದ ಧೈರ್ಯ ನನಗೆ ಇವತ್ತಿಗೂ ಸಾಕಾಗುತ್ತದೆ. ಆ ಹುಡುಗ ಬದುಕಿದ. ಸರ್ಜನ್ ರಕ್ತ ನಿಲ್ಲಿಸಿ, ಹೊಟ್ಟೆ ಹೊಲಿಯದೆ ಹಾಗೇ ಮುಚ್ಚಿ ಮುಂದಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಜರ್ಮನಿಯ ಲ್ಯಾಂಡ್‌ಸ್ಟುಲ್‌ನಲ್ಲಿರುವ ಅಮೆರಿಕದ ಸೇನಾ ಆಸ್ಪತ್ರೆ, ಅಲ್ಲಿಂದ ಅಮೆರಿಕ.

ಬೇಗ ತಂದದ್ದೂ ಅವನು ಉಳಿಯಲು ಕಾರಣ. 2009ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಗಾಯಾಳುವನ್ನು 60 ನಿಮಿಷದೊಳಗೆ ಸರ್ಜರಿ ಇರುವ ಕಡೆಗೆ ತಲುಪಿಸಬೇಕು ಅಂತ ಆದೇಶ ಮಾಡಿದರು. ಚಿತ್ರದುರ್ಗದಿಂದ ದಾವಣಗೆರೆಗೆ ಆಂಬುಲೆನ್ಸ್ ಬರುವಷ್ಟು ಹೊತ್ತು ಅಂತ ಇಟ್ಟುಕೋ. ಅಷ್ಟರಲ್ಲಿ ಏನೇನು ಕೈತಪ್ಪುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಎಲ್ಲರೂ ಉಳಿಯುವುದಿಲ್ಲ. ಮಕ್ಕಳೂ ಬರುತ್ತಾರೆ. ನಿನ್ನ ಮೂರನೇ ಪ್ರಶ್ನೆಗೆ ಇದೇ ಉತ್ತರದ ಕಷ್ಟದ ಭಾಗ. ಆ ಊರಿನ ಮಕ್ಕಳು, ಬೆಂಕಿಯಲ್ಲಿ ಬೆಂದವರು, ಬಾಂಬಿನ ಚೂರು ಹೊಕ್ಕವರು. ನಮ್ಮವರ ಮೇಲೆ ಗುಂಡು ಹಾರಿಸಿದವನೂ ಅದೇ ಟೇಬಲ್‌ಗೆ ಬರುತ್ತಾನೆ. ಜಿನೀವಾ ಒಪ್ಪಂದದ ಪ್ರಕಾರ ಯಾರಿಗೆ ಗಾಯ ಹೆಚ್ಚೋ ಅವರಿಗೆ ಮೊದಲು ಚಿಕಿತ್ಸೆ. ಅವನಿಗೂ ಅದೇ ಕೆಟಮಿನ್, ಅದೇ ರಕ್ತ. ನನಗೆ ಇದರಲ್ಲಿ ಎಂದೂ ಅನುಮಾನ ಬಂದಿಲ್ಲ. ನಿನಗೆ ಬರಬಹುದು ಅನ್ನಿಸಿದರೆ ಈಗಲೇ ಯೋಚನೆ ಮಾಡು. ತಡೆದುಕೊಳ್ಳೋದು ಹೇಗೆ ಅಂದರೆ, ಆ ಹೊತ್ತಿಗೆ ಕೆಲಸವೇ ತಡೆಯುತ್ತದೆ, ಕೈ ಖಾಲಿ ಇರುವುದಿಲ್ಲ. ತೊಂದರೆ ಆಮೇಲೆ, ಮನೆಗೆ ಬಂದು ತಿಂಗಳಾದ ಮೇಲೆ. ನಿದ್ದೆ ಹೋಗುತ್ತದೆ, ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತೇವೆ. ನಾನು ಕೌನ್ಸೆಲರ್ ಹತ್ತಿರ ಹೋದೆ, ಈಗಲೂ ಬೇಕೆನಿಸಿದಾಗ ಹೋಗುತ್ತೇನೆ. ನಮ್ಮ ಕಡೆ ಇದನ್ನು ಮುಚ್ಚಿಡುತ್ತಾರೆ. ನೀನು ಮುಚ್ಚಿಡಬೇಡ.

ಈಗ ದಾರಿ. ಸೇನೆಯಲ್ಲಿ ಪೂರ್ಣಾವಧಿ ನರ್ಸ್ ಅಧಿಕಾರಿ ಆಗಲು ಅಮೆರಿಕದ ಪೌರತ್ವ ಬೇಕು. ಪೌರನನ್ನು ಮದುವೆಯಾಗಿ ಜೊತೆಗಿರುವವರು ಗ್ರೀನ್ ಕಾರ್ಡ್ ಬಂದು 3 ವರ್ಷಕ್ಕೆ ಅರ್ಜಿ ಹಾಕಬಹುದು, ಉಳಿದವರಿಗೆ 5 ವರ್ಷ. ಆ ಮೂರು ವರ್ಷ ಸುಮ್ನೆ ಕಳೆಯಬೇಡ. ಅಲ್ಲಿ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಐಸಿಯು ಕೆಲಸಕ್ಕೆ ಸೇರು, ಆದರೆ ಅಪಘಾತದ ಗಾಯಾಳುಗಳನ್ನು ನೋಡುವ ಟ್ರಾಮಾ ಐಸಿಯುಗೇ ಸೇರು. ನಿನ್ನ ಅದೃಷ್ಟ, ನೀನು ಹೋಗುತ್ತಿರುವ ಊರು ಇದಕ್ಕೆ ಹೇಳಿ ಮಾಡಿಸಿದ್ದು. ಸೇನೆಯ ಬ್ರೂಕ್ ಆರ್ಮಿ ಮೆಡಿಕಲ್ ಸೆಂಟರ್ ಅಲ್ಲೇ ಇದೆ, ಊರಿನ ಸಾಮಾನ್ಯ ಜನರ ಅಪಘಾತದ ಕೇಸುಗಳನ್ನೂ ನೋಡುತ್ತದೆ. ಸೇನೆಯ ಅನಸ್ತೇಷಿಯಾ ಕೋರ್ಸ್ ನಡೆಯುವುದೂ ಅಲ್ಲಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ, ಪದವಿ ಕೊಡುವುದು ಬೇಲರ್ ವಿಶ್ವವಿದ್ಯಾಲಯ. ಆಯ್ಕೆಯಾದರೆ ಫೀಸ್ ಇಲ್ಲ, ಓದುವಾಗಲೂ ಸಂಬಳ, ಅದಕ್ಕೆ ಬದಲಾಗಿ ಹಲವು ವರ್ಷ ಸೇವೆ ಮಾಡಲೇಬೇಕು. ದುಡ್ಡೇ ಮುಖ್ಯ ಅನ್ನುವುದಾದರೆ ಹೊರಗಿನ ಆಸ್ಪತ್ರೆಗಳೇ ವಾಸಿ. ಅಲ್ಲಿ ಈ ನರ್ಸ್‌ಗಳಿಗೆ ವರ್ಷಕ್ಕೆ 2 ಲಕ್ಷ ಡಾಲರ್‌ಗೂ ಮೇಲೆ ಸಿಗುತ್ತದೆ.

ಕೆಲಸದಲ್ಲಿ ಮೊದಲ ದಿನದಿಂದಲೇ ಒಂದು ಅಭ್ಯಾಸ ಮಾಡಿಕೋ. ರೌಂಡ್ಸ್‌ನಲ್ಲಿ 'ನನಗೆ ಹೀಗನ್ನಿಸುತ್ತದೆ, ಯಾಕೆಂದರೆ' ಅಂತ ಬಾಯಿ ಬಿಟ್ಟು ಹೇಳು. ನಾವು ದೊಡ್ಡವರ ಮುಂದೆ ಸುಮ್ಮನಿರುವುದು ಮರ್ಯಾದೆ ಅಂದುಕೊಂಡು ಬೆಳೆದವರು. ಅಲ್ಲಿ ಸುಮ್ಮನಿದ್ದರೆ ಇವಳಿಗೆ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಯಾರಾದರೂ ಔಷಧಿ ಹೇಳಿದರೆ ಹೆಸರು, ಡೋಸ್ ಎರಡನ್ನೂ ಜೋರಾಗಿ ಮತ್ತೆ ಹೇಳು. ನಿನ್ನ ಉಚ್ಚಾರಣೆ ಅರ್ಥವಾಗಲಿಲ್ಲ ಅಂದರೆ ನಿಧಾನವಾಗಿ ಇನ್ನೊಮ್ಮೆ ಹೇಳು, ದನಿ ಮಾತ್ರ ಇಳಿಸಬೇಡ.

ಊಟದ ಚಿಂತೆ ಬೇಡ. ಸೇನೆಯ ಪ್ಯಾಕೆಟ್ ಊಟದಲ್ಲೂ ಸಸ್ಯಾಹಾರಿ ಇರುತ್ತದೆ. ಮಂಡಕ್ಕಿ ಮಿರ್ಚಿ ಸಿಗಲ್ಲ, ಅಷ್ಟೇ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಅದನ್ನು ನಿನ್ನ ಅಮ್ಮನಿಗೂ ಹೇಳಬೇಕು. ಅಮೆರಿಕದ ಪ್ರಜೆಯಾದರೆ ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು. ಎಲ್ಲರೂ ಆಮೇಲೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡು ಬೇಕೆಂದಾಗ ಊರಿಗೆ ಬರುತ್ತಾರೆ. ವಿದೇಶಿ ಸೇನೆಯಲ್ಲಿ ಇರುವವರಿಗೆ ಒಸಿಐ ಕೊಡುವುದಿಲ್ಲ, ನಿವೃತ್ತರಾದ ಮೇಲೂ ಇಲ್ಲ. ನಾನು ಹುಟ್ಟಿದ ಊರಿಗೆ ಬರಲು ಪ್ರತಿ ಸಲ ಸೇನೆಯ ಅನುಮತಿ ಬೇಕು, ವೀಸಾ ಬೇಕು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡೂ ಕೈಗೆ ಬರುವವರೆಗೆ ಕಾದ ದಿನಗಳು ನನಗೆ ಆಫ್ಘಾನಿಸ್ತಾನಕ್ಕಿಂತ ಭಾರವಾಗಿದ್ದವು. ನಾನು ಈ ಕೆಲಸವನ್ನು ಮತ್ತೆ ಆರಿಸಿಕೊಳ್ಳುತ್ತೇನೆ. ಆದರೆ ನೀನು ಇದನ್ನು ತಿಳಿದುಕೊಂಡೇ ಆರಿಸಿಕೊಳ್ಳಬೇಕು, ಅಲ್ವಾ?

ಹೊರಡುವ ಮುಂಚೆ ಕಾಗದದ ಕೆಲಸ ಮುಗಿಸಿಕೋ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಿಂದ ನೋಂದಣಿಯ ದೃಢೀಕರಣ, ಕಾಲೇಜಿನಿಂದ ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳ ವಿವರ. ನೀನು ಹೋದ ಮೇಲೆ ಇದಕ್ಕಾಗಿ ನಿನ್ನ ಅಪ್ಪ ಬೆಂಗಳೂರಿಗೆ ಓಡಾಡುವಂತೆ ಆಗಬಾರದು. ಐಸಿಯು ಅನುಭವದ ಪತ್ರದಲ್ಲಿ ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡದ್ದು, ಸೆಂಟ್ರಲ್ ಲೈನ್, ಇನೋಟ್ರೋಪ್ ಡ್ರಿಪ್ ನಿಭಾಯಿಸಿದ್ದು ಬಿಡಿಬಿಡಿಯಾಗಿ ಇರಲಿ. ಸುಮ್ನೆ 'ಸ್ಟಾಫ್ ನರ್ಸ್' ಅಂತ ಬರೆಸಿಕೊಂಡು ಬರಬೇಡ.

ಈ ತಿಂಗಳ ಕೊನೆಯವರೆಗೆ ನಾನು ಇಲ್ಲೇ ಇರ್ತೀನಿ. ಭಾನುವಾರ ಬಿಡುವಾದರೆ ಆ ಫಾರಂಗಳನ್ನು ತೆಗೆದುಕೊಂಡು ಬಾ, ಕೂತು ತುಂಬೋಣ. ಅಮ್ಮನನ್ನೂ ಕರೆದುಕೊಂಡು ಬಾ, ಅವರಿಗೆ ಏನು ಕೇಳಬೇಕೋ ನನ್ನನ್ನೇ ಕೇಳಲಿ.