ನಾಟಕ ಗೊತ್ತು, ಪರ್ಫಾರ್ಮೆನ್ಸ್ ಆರ್ಟ್ ಅರ್ಥವಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ವಿರಾಜಪೇಟೆಯಲ್ಲಿ ನಾಟಕ ಮಾಡಿ ರೂಢಿಯಿದೆ, ಇದು ಮಾತ್ರ ತಲೆಗೆ ಹತ್ತುತ್ತಿಲ್ಲ ಎಂದಿದ್ದೀರಿ. ಆ ರೂಢಿಯೇ ಮೊದಲ ತೊಡಕು. ಪಾತ್ರ ವಹಿಸದೆ, ಕಲಾವಿದರು ತಮ್ಮ ದೇಹದಿಂದಲೇ ಒಂದು ನಿಜವಾದ ಕೆಲಸ ಮಾಡಿ ಅದನ್ನೇ ಕಲೆಯಾಗಿಸುವುದು ಪರ್ಫಾರ್ಮೆನ್ಸ್ ಆರ್ಟ್. ನಾಟಕದಲ್ಲಿ ದಣಿದಂತೆ ನಟಿಸಿದರೆ ಸಾಕು, ಇಲ್ಲಿ ನಿಜವಾಗಿ ದಣಿಯಬೇಕು. 'ಇದರ ಅರ್ಥವೇನು' ಎನ್ನುವುದನ್ನು ಬದಿಗಿಟ್ಟು ನೋಡಿ: ಮಾಡುತ್ತಿರುವ ಕೆಲಸ ಯಾವುದು, ಯಾವಾಗ ಮುಗಿಯುತ್ತದೆ, ನಿಲ್ಲಿಸುವ ಅಧಿಕಾರ ಯಾರದು?

1964ರಲ್ಲಿ ಜಪಾನಿನ ಕಲಾವಿದೆ ಯೋಕೊ ಓನೊ ಕ್ಯೋಟೋದಲ್ಲಿ 'ಕಟ್ ಪೀಸ್' ಮಾಡಿದಾಗ ಕತ್ತರಿ ಮುಂದಿಟ್ಟು ಸುಮ್ಮನೆ ಕೂತರು. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಅವರ ಬಟ್ಟೆ ಕತ್ತರಿಸಿಕೊಂಡು ಹೋದರು. ಅಲ್ಲಿ ನೋಡಬೇಕಾದ್ದು ಕತ್ತರಿ ಹಿಡಿದವರನ್ನು. ತೈವಾನ್ ಮೂಲದ ಕಲಾವಿದ ತೆಹ್‌ಚಿಂಗ್ ಷಿಯೆ 1980ರ ಏಪ್ರಿಲ್‌ನಿಂದ ಒಂದು ವರ್ಷ, ಹಗಲೂ ರಾತ್ರಿಯೂ ಗಂಟೆಗೊಮ್ಮೆ, ಕೆಲಸಗಾರರು ಬಂದುಹೋದ ಹೊತ್ತನ್ನು ದಾಖಲಿಸುವಂಥ ಹಾಜರಿ ಗಡಿಯಾರ ಒತ್ತಿದರು. ತೋಟದ ಕೆಲಸಗಾರರ ಹಾಜರಿ ಪುಸ್ತಕ, ಚೆಕ್‌ರೋಲ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಕೊಡಗಿನ ದೇವರಪುರದಲ್ಲಿ ಬುಡಕಟ್ಟು ಜನ ವೇಷ ತೊಟ್ಟು ಬೈಯುತ್ತ ಆಚರಿಸುವ ಕುಂಡೆ ಹಬ್ಬಕ್ಕೂ ಹೋಗಿಬನ್ನಿ, ಆದರೆ ಅಲ್ಲಿನ ವೇಷ, ಬೈಗುಳ ಎತ್ತಿಕೊಂಡು ಬರಬೇಡಿ. ದೇವರನ್ನೂ ಬೈಯುವ ಆ ಸಲಿಗೆ ಆ ಜನರದು, ಆ ದಿನದ್ದು.

ನೀವೇ ಒಂದನ್ನು ಮಾಡಲು ಹೊರಟರೆ, ಮಳೆಯಿಂದ ಶುರು ಮಾಡಿ ಎನ್ನುತ್ತೇನೆ. ತಟ್ಟೆ ಹಿಡಿದು ಮಳೆಯಲ್ಲಿ ನಿಲ್ಲುವುದು, ತುಂಬಿ ಚೆಲ್ಲಿದಾಗ ಮುಗಿಸುವುದು, ಅಷ್ಟೇ. ಪಾತ್ರೆಯ ಆಯ್ಕೆಯಲ್ಲೇ ಎಲ್ಲರೂ ಎಡವುತ್ತಾರೆ. ನೇರ ಅಂಚಿನ, 10 ಸೆಂ.ಮೀ. ಎತ್ತರದ ಪಾತ್ರೆ ತುಂಬಲು ಅಗಲ ಎಷ್ಟಿದ್ದರೂ 100 ಮಿ.ಮೀ. ಮಳೆ ಬೇಕು. ಗಂಟೆಗೆ 20 ಮಿ.ಮೀ. ಸುರಿದರೂ ಐದು ಗಂಟೆ! 20 ಸೆಂ.ಮೀ. ಅಗಲ, 2 ಸೆಂ.ಮೀ. ಆಳದ ದುಂಡು ತಟ್ಟೆಯಾದರೆ ಅದೇ ಮಳೆಗೆ ಒಂದು ಗಂಟೆ, ನೀರಿನ ತೂಕ ಸುಮಾರು 630 ಗ್ರಾಂ. ಮೊಣಕೈ ಪಕ್ಕೆಗೆ ತಾಗಿಸಿ ಹಿಡಿಯಿರಿ. ಕೈ ಚಾಚಿದರೆ ಬೇಗ ನಡುಗುತ್ತದೆ, ನೀರು ತುಳುಕುತ್ತದೆ, ಮುಗಿಯುವ ಹೊತ್ತು ಮುಂದೆ ಹೋಗುತ್ತದೆ. ತುಳುಕಿದರೆ ತುಳುಕಲಿ, ಮುಚ್ಚಿಹಾಕಲು ನಟಿಸಬೇಡಿ. ಮನೆಯಂಗಳದಲ್ಲಿ ಮೊದಲು ಕಾಲು ಗಂಟೆ ನಿಂತು ನೋಡಿ.

ಗುಡುಗು ಸಿಡಿಲಿರುವ ಏಪ್ರಿಲ್-ಮೇ ಮಳೆ ಬೇಡ. ಜುಲೈ ಮಳೆಯಲ್ಲಿ ಮೈ ನಡುಗತೊಡಗಿದರೆ ತಟ್ಟೆ ತುಂಬದಿದ್ದರೂ ನಿಲ್ಲಿಸಿ. ಒಣ ಬಟ್ಟೆ, ಬಿಸಿ ಕಾಫಿ ಹತ್ತಿರವೇ ಇರಲಿ.

ಹಿನ್ನೆಲೆ ಸಂಗೀತ, ಮುಖಕ್ಕೆ ಬಣ್ಣ, ಕೈಯಲ್ಲೊಂದು ಫಲಕ ಸೇರಿಸುವ ಆಸೆ ಬಂದೇ ಬರುತ್ತದೆ. ಒಂದನ್ನೂ ಸೇರಿಸಬೇಡಿ, ಜನ ಫಲಕ ಓದಿ ಹೊರಟುಬಿಡುತ್ತಾರೆ, ತಟ್ಟೆಯನ್ನು ಯಾರೂ ನೋಡುವುದಿಲ್ಲ. ಪೇಟೆಯಲ್ಲಿ ಮಾಡುವುದಾದರೆ ಮುಂಚೆಯೇ ಅನುಮತಿ ಕೇಳಿ. 'ಏನಾಯ್ತು ಇವರಿಗೆ' ಎಂದು ಬರುವವರಿಗೆ ಉತ್ತರಿಸಲು ಒಬ್ಬ ಗೆಳೆಯ ಪಕ್ಕದಲ್ಲಿರಲಿ, ನೀವು ಬಾಯಿ ತೆರೆಯಬೇಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಸೂರಿನಡಿ ಒಂದೇ ಕಡೆ ನಿಲ್ಲಿಸಿ. ನಿಮ್ಮ ಜೊತೆ ನೋಡುಗರೂ ಚೌಕಟ್ಟಿನೊಳಗೆ ಬರುವಷ್ಟು ದೂರದಲ್ಲಿರಲಿ.