ಕಾಸರಗೋಡಿನ ಪೊಲೀಸ್, ಜೈಲು ಸಿಬ್ಬಂದಿಗೆ ಆಘಾತದ ನಂತರದ ಮಾನಸಿಕ ನೆರವು ಬೇಕು. ಇದಕ್ಕೆ ಬೆಂಬಲ ಗಳಿಸುವುದು ಹೇಗೆ?

ಮೇಲಧಿಕಾರಿಯ ಸಹಿಗಿಂತ ಮೊದಲು ಸಿಬ್ಬಂದಿಯ ಅಳುಕು ಕಳೆಯಬೇಕು. ‘ಹೇಳಿಕೊಂಡರೆ ಬಡ್ತಿಗೆ ಕುತ್ತು’ ಎಂಬ ಭಯ ಇರುವಷ್ಟು ದಿನ ಎಂಥ ಆಪ್ತಸಮಾಲೋಚಕರು ಬಂದರೂ ಯಾರೂ ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಟ್ಟಿದೆ. ಇಲಾಖೆಯ ಆದೇಶದಲ್ಲೇ ಅದನ್ನು ಬರೆಸಿ.

ಮುಂದಾಳುಗಳನ್ನು ಒಳಗಿನಿಂದಲೇ ಆರಿಸಿ. ರೈಲು ಹಳಿಯ ಮೇಲಿನ ಹೆಣ ಎತ್ತಿಸಿ ಮಹಜರು ಬರೆದವರ ಸಂಕಟ ಅದನ್ನೇ ಮಾಡಿದ ಇನ್ನೊಬ್ಬ ಎಎಸ್ಐಗೆ ಬೇಗ ತಿಳಿಯುತ್ತದೆ. ಚೀಮೇನಿ ತೆರೆದ ಜೈಲಿನ ವಾರ್ಡರಿಗೆ ಇನ್ನೊಬ್ಬ ವಾರ್ಡರೇ ಬೇಕು. ನಮ್ಮಲ್ಲಿ ಭಾಷೆಯೂ ಮುಖ್ಯ. ಕಡತ ಮಲಯಾಳದಲ್ಲಿರಲಿ, ದುಃಖ ತೋಡಿಕೊಳ್ಳಲು ಕನ್ನಡ, ತುಳು ಬಲ್ಲವರು ಇರಲೇಬೇಕು.

ಅಧಿಕಾರಿಗಳ ಮುಂದೆ ದಯೆಯ ಮಾತಿಗಿಂತ ರಜೆ, ಗೈರುಹಾಜರಿ, ಸ್ವಯಂನಿವೃತ್ತಿಯ ಲೆಕ್ಕ ಇಡಿ. ಅದು ಅವರ ಕಡತದಲ್ಲೇ ಇರುತ್ತದೆ.

ಒಂದು ಎಚ್ಚರಿಕೆ: ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಒಂದೇ ಸಲ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ವಿಶ್ರಾಂತಿ, ಜೊತೆಗಾರರ ಆಸರೆ, ವಾರಗಳ ನಂತರ ಮತ್ತೆ ಯೋಗಕ್ಷೇಮ ಕೇಳುವುದು, ಬೇಕಾದವರಿಗೆ ವೈದ್ಯರು, ಹೀಗೆ ಯೋಜಿಸಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಪ್ರತಿ ಠಾಣೆಯ ಗೋಡೆಯಲ್ಲಿರಲಿ, ಕನ್ನಡದಲ್ಲೂ ಮಾತಾಡಬಹುದು.