ಮೈದುನನ ಪಾಲಡಿನ್ ಮುಂದೆ ಉಳಿದವರೆಲ್ಲ ಪ್ರೇಕ್ಷಕರು

ಪ್ರಶ್ನೆ: ನಾವು ಧಾರವಾಡದವರು, ಪುಣೆಯ ವಾಕಡ್‌ನಲ್ಲಿದ್ದೇವೆ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ನಡೆಸುವ ಆಟ) ಆಡುತ್ತೇವೆ, ಎಲ್ಲರೂ ಕನ್ನಡದವರೇ. ಆಟ ನಡೆಸುವ ಡಿಎಂ ನಾನು. ನಮ್ಮ ಯಜಮಾನರು ಫೈಟರ್ (ಕಾದಾಳು), ಗೆಳತಿ ರೋಗ್ (ಸದ್ದಿಲ್ಲದೆ ನುಗ್ಗುವ ಚಾಲಾಕಿ), ಮೈದುನ ಪಾಲಡಿನ್ (ಮಂತ್ರಬಲವೂ ಇರುವ ಯೋಧ). ಎಲ್ಲರೂ 6ನೇ ಲೆವೆಲ್, 2014ರ ನಿಯಮ. ಮೈದುನ ತನ್ನ ರೂಮಿನಲ್ಲೇ ದಾಳ ಹಾಕಿ, ಪಾತ್ರದ ಆರು ಸಾಮರ್ಥ್ಯದ ಅಂಕಿಗಳಲ್ಲಿ ಒಂದು 18 ಬಂತು (ದಾಳದಲ್ಲಿ ಅದೇ ಗರಿಷ್ಠ) ಅಂತ ಬರೆದುಕೊಂಡು ಬಂದ. ಉಳಿದವರು ಪುಸ್ತಕದಲ್ಲಿರುವ ಸಿದ್ಧ ಅಂಕಿಗಳನ್ನೇ ತೊಗೊಂಡರು. ವಾರಕ್ಕೊಂದು ಕಾಳಗ ಇಡುತ್ತೇನೆ, ಅವನೊಬ್ಬನೇ ಎರಡು ರೌಂಡಿನಲ್ಲಿ ಮುಗಿಸುತ್ತಾನೆ. ಕೇಳಿದರೆ "ಬುಕ್ಕಿನ್ಯಾಗ ಅದ ಅಲ್ಲ ವೈನಿ" ಅಂತಾನೆ. ಒಮ್ಮೆ ಗೆಳತಿ ಕಣಜದೊಳಗೆ ಸದ್ದಿಲ್ಲದೆ ನುಗ್ಗುವ ಉಪಾಯ ಹೇಳುತ್ತಿದ್ದಳು. ಅವಳು ಮುಗಿಸುವ ಮೊದಲೇ ಇವನು ಬಾಗಿಲು ಒದ್ದ. ಹೋದ ಸಲ ರೋಸಿಹೋಗಿ, ಅವನು ಹೊಡೆಯುತ್ತಿದ್ದ ಓಗರ್ ದೈತ್ಯನ 59 ಹಿಟ್ ಪಾಯಿಂಟನ್ನು (ಎಷ್ಟು ಏಟು ತಾಳುತ್ತದೆ ಅನ್ನುವ ಲೆಕ್ಕ) ಗುಟ್ಟಾಗಿ 120 ಮಾಡಿದೆ. ಅವನು ಏಟೆಲ್ಲ ಕೂಡಿಸಿ "ಇದು ಯಾವಾಗೋ ಸಾಯಬೇಕಿತ್ತು" ಅಂದ. ಅಂದಿನಿಂದ ನನ್ನ ಜತೆ ಸರಿಯಾಗಿ ಮಾತಿಲ್ಲ. ಗೆಳತಿಯೂ ಬರುವುದು ನಿಲ್ಲಿಸಿದ್ದಾಳೆ. ಅವನ ಪಾತ್ರದ ಬಲ ಇಳಿಸಲಾ? ಆಟವನ್ನೇ ನಿಲ್ಲಿಸಲಾ? ನಾನು ಮಾಡಿದ್ದು ಮೋಸವಾ?

ಉತ್ತರ: ಆಟ ನಿಲ್ಲಿಸಬೇಡಿ. ಊರು ಬಿಟ್ಟು ಬಂದವರು ವಾರಕ್ಕೊಮ್ಮೆ ಸೇರಿ ಕನ್ನಡದಲ್ಲಿ ಕಥೆ ಕಟ್ಟುತ್ತಿದ್ದೀರಿ. ಅಂಥ ಕೂಟ ಒಮ್ಮೆ ಮುರಿದರೆ ಮತ್ತೆ ಕೂಡಿಸುವುದು ಕಷ್ಟ.

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಓಗರ್ ವಿಷಯದಲ್ಲಿ ಮೈದುನನಿಗೆ ಅನ್ಯಾಯ ಆಗಿದೆ. ಪುಸ್ತಕದಲ್ಲಿರುವ 59 ಅನ್ನೋದು ಬರೀ ಸರಾಸರಿ. ಹತ್ತು ಮುಖದ ದಾಳ ಏಳು ಹಾಕಿ 21 ಕೂಡಿಸಿ ಅಂತ ಪಕ್ಕದಲ್ಲೇ ಇದೆ. ಅಂದರೆ ಕಡಿಮೆ ಅಂದರೆ 28, ಜಾಸ್ತಿ ಅಂದರೆ 91. ಗಟ್ಟಿಮುಟ್ಟಾದ ಓಗರ್ ಬೇಕಿದ್ದರೆ ಆಟಕ್ಕೆ ಮೊದಲೇ 85 ಅಂತ ಬರೆದಿಟ್ಟುಕೊಳ್ಳಿ, ಯಾರೂ ಕೇಳುವ ಹಾಗಿಲ್ಲ. ಆದರೆ ಏಟು ಬಿದ್ದ ಮೇಲೆ, ಅದೂ ಹೊಡೆದವನು ಅವನು ಅನ್ನುವ ಕಾರಣಕ್ಕೆ ಏರಿಸಿದ್ದು ಸರಿಯಲ್ಲ. ಗಲ್ಲಿ ಕ್ರಿಕೆಟ್ಟಿನಲ್ಲಿ ಗೋಡೆ ದಾಟಿದರೆ ಔಟ್ ಅನ್ನುವುದನ್ನು ಎಲ್ಲರೂ ಒಪ್ಪುತ್ತಾರೆ, ಯಾಕೆಂದರೆ ಮೊದಲೇ ಹೇಳಿರುತ್ತಾರೆ. ಬಾಲು ಗೋಡೆ ದಾಟಿದ ಮೇಲೆ ಹೇಳಿದರೆ ಜಗಳ ಆಗದೆ ಇರುತ್ತಾ?

ಹಾಗಾಗಿ ಮೊದಲು ಅವನ ಹತ್ತಿರ ಮಾತಾಡಿ. ಎಲ್ಲರೂ ಆಡಲು ಕೂತಾಗ ಬೇಡ. ಯಜಮಾನರ ಕೈಲಿ ಹೇಳಿಸುವುದಂತೂ ಬೇಡವೇ ಬೇಡ, ಆಟದ ಮಾತು ಅಣ್ಣ ತಮ್ಮಂದಿರ ಮಾತಾಗಿಬಿಡುತ್ತದೆ. ಚಹಾ, ಗಿರ್ಮಿಟ್ ಮುಂದಿಟ್ಟು ನೇರವಾಗಿ ಹೇಳಿ: "ಓಗರ್ ಲೆಕ್ಕಾ ನಾನ ಬದಲಿ ಮಾಡಿದ್ದೆ, ತಪ್ಪಾತು. ಇನ್ನ ಮ್ಯಾಲೆ ಮಾಡಂಗಿಲ್ಲ. ಆದ್ರ ಉಳದವರಿಗೂ ಆಡ್ಲಿಕ್ಕೆ ಸಿಗಬೇಕಲ್ಲ, ನೀನ ಏನರ ದಾರಿ ಹೇಳು." ನಿಯಮ ಇಷ್ಟು ಚೆನ್ನಾಗಿ ಓದಿಕೊಂಡವನು ಇದಕ್ಕೂ ದಾರಿ ಹುಡುಕುತ್ತಾನೆ. ಅವನನ್ನು ಎದುರಾಳಿ ಮಾಡಿಕೊಳ್ಳಬೇಡಿ.

ಇನ್ನು ಬಲದ ವಿಷಯ. ನನಗೆ ಕಾಣುವ ಹಾಗೆ ತೊಂದರೆ ಅವನ ಪಾತ್ರದಲ್ಲಿಲ್ಲ, ವಾರಕ್ಕೊಂದೇ ಕಾಳಗ ಇಡುವುದರಲ್ಲಿದೆ. 6ನೇ ಲೆವೆಲ್ಲಿನ ಪಾಲಡಿನ್‌ಗೆ ದಿನಕ್ಕೆ ಆರು ಸ್ಪೆಲ್ ಸ್ಲಾಟ್ (ಮಂತ್ರಶಕ್ತಿ ಬಳಸುವ ಅವಕಾಶ), ಅದರಲ್ಲಿ ದೊಡ್ಡವು ಎರಡು. ಒಂದು ಸರದಿಗೆ ಎರಡು ಏಟು. ಎರಡಕ್ಕೂ ದೊಡ್ಡ ಸ್ಲಾಟ್ ಹಾಕಿ ಸ್ಮೈಟ್ ಮಾಡಿದರೆ, ಅಂದರೆ ಏಟಿಗೆ ದೈವಬಲ ಸೇರಿಸಿದರೆ, ಎಂಟು ಮುಖದ ದಾಳ ಆರು ಬೀಳುತ್ತವೆ, ಸರಾಸರಿ 27. ಕತ್ತಿಯ ಏಟು ಬೇರೆ. ಇದೊಂದು ಮುಗಿದರೆ ಲಾಂಗ್ ರೆಸ್ಟ್, ಬೆಳಗ್ಗೆ ಎದ್ದರೆ ಎಲ್ಲ ವಾಪಸ್ ಅಂತ ಗೊತ್ತಿದ್ದರೆ ಯಾರು ತಾನೇ ಉಳಿಸಿಕೊಳ್ಳುತ್ತಾರೆ?

ಆಟ ನಡೆಸುವವರಿಗಾಗಿ ಇರುವ ಪುಸ್ತಕ, 2014ರ ಡಂಜನ್ ಮಾಸ್ಟರ್ಸ್ ಗೈಡ್‌ನ ಲೆಕ್ಕವೇ ಬೇರೆ. ಪಾತ್ರಗಳ ಒಂದು ದಿನಕ್ಕೆ ಸುಮಾರಾಗಿ ಆರರಿಂದ ಎಂಟು ಎನ್‌ಕೌಂಟರ್ (ಕಾಳಗದಂಥ ಸವಾಲು), ನಡುವೆ ಎರಡು ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ). ಒಂದು ಸಂಜೆಯಲ್ಲಿ ಅಷ್ಟೆಲ್ಲ ಆಗಲ್ಲ, ನಿಜ. ಆಗಬೇಕಾಗಿಯೂ ಇಲ್ಲ. ನಿಮ್ಮ ಭಾನುವಾರ ಮುಗಿಯಿತು ಅಂತ ಪಾತ್ರಗಳಿಗೂ ರಾತ್ರಿ ಆಗಬೇಕಾ? ಕಥೆಯ ಒಂದೇ ದಿನವನ್ನು ಎರಡು ಮೂರು ವಾರ ನಡೆಸಿ. ಎಷ್ಟು ಸ್ಲಾಟ್ ಉಳಿದಿದೆ, ಎಷ್ಟು ಗಾಯ ಆಗಿದೆ, ಬರೆದಿಟ್ಟುಕೊಂಡು ಮುಂದಿನ ವಾರ ಅಲ್ಲಿಂದಲೇ ಹೊರಡಿ. ಹೀಗೆ ಮಾಡುತ್ತೇವೆ ಅಂತ ಎಲ್ಲರಿಗೂ ಮುಂಚೆಯೇ ತಿಳಿಸಿ.

ಆಗ ನೋಡಿ ಆಟ ಹೇಗೆ ತಿರುಗುತ್ತದೆ. ರೋಗ್‌ನ ಸ್ನೀಕ್ ಅಟ್ಯಾಕ್ (ಹೊಂಚಿನ ಏಟು) ಖರ್ಚಾಗುವುದೇ ಇಲ್ಲ. 6ನೇ ಲೆವೆಲ್ಲಿನಲ್ಲಿ ಆರು ಮುಖದ ದಾಳ ಮೂರು, ಐದನೇ ಕಾಳಗದಲ್ಲೂ ಅಷ್ಟೇ. ಯಜಮಾನರ ಆಕ್ಷನ್ ಸರ್ಜ್ (ಅದೇ ಸರದಿಯಲ್ಲಿ ಇನ್ನೊಮ್ಮೆ ಆಡುವ ಅವಕಾಶ) ಒಂದು ಶಾರ್ಟ್ ರೆಸ್ಟ್ ಆದರೆ ವಾಪಸ್ ಬರುತ್ತದೆ. ಪಾಲಡಿನ್ ಮಾತ್ರ ಪ್ರತಿ ಸ್ಲಾಟಿಗೂ ಯೋಚನೆ ಮಾಡಬೇಕು. ಅವನಿಂದ ಏನನ್ನೂ ಕಿತ್ತುಕೊಳ್ಳದೆ ಉಳಿದವರು ಮೇಲೆ ಬರುತ್ತಾರೆ. ಅವನಿಗೂ ಆಟ ರುಚಿಸುತ್ತದೆ ಅಂತ ನನ್ನ ನಂಬಿಕೆ, ಎರಡು ರೌಂಡಿಗೆ ಮುಗಿಯುವ ಗೆಲುವು ಬೇಗ ಬೇಜಾರಾಗುತ್ತದೆ.

ಒಬ್ಬನೇ ದೈತ್ಯನನ್ನು ನಿಲ್ಲಿಸುವುದನ್ನೂ ಕಡಿಮೆ ಮಾಡಿ. ಬಾವಿಗೆ ವಿಷ ಹಾಕಲು ಒಬ್ಬ ಓಡುತ್ತಿದ್ದಾನೆ, ಬೀಗ ಹಾಕಿದ ಕೋಣೆಯಲ್ಲಿ ಮಕ್ಕಳಿದ್ದಾರೆ, ಮಾಳಿಗೆ ಮೇಲೆ ಬಿಲ್ಲುಗಾರರಿದ್ದಾರೆ. ಎಲ್ಲ ಒಟ್ಟಿಗೇ. ಪಾಲಡಿನ್ ಎಷ್ಟೇ ಗಟ್ಟಿಗನಾದರೂ ಒಂದು ಸರದಿಯಲ್ಲಿ ಒಂದೇ ಕಡೆ ಇರಲು ಸಾಧ್ಯ. ಆದರೆ ಪ್ರತಿ ಸಲವೂ ಅವನ ಕತ್ತಿಗೆ ಎಟುಕದ, ಹಾರುವ ಶತ್ರುಗಳನ್ನೇ ತರಬೇಡಿ. ಅದು ಇನ್ನೊಂದು ವೇಷದ ಗುಟ್ಟಿನ ಶಿಕ್ಷೆ, ಅವನಿಗೆ ಗೊತ್ತಾಗದೆ ಇರಲ್ಲ.

18ರ ಬಗ್ಗೆ ಅನುಮಾನ ಇದೆ ಅಂತ ನಿಮ್ಮ ಮಾತಿನಲ್ಲೇ ಕಾಣುತ್ತದೆ. ಆರು ಮುಖದ ನಾಲ್ಕು ದಾಳ ಹಾಕಿ, ಸಣ್ಣದು ಬಿಟ್ಟು ಉಳಿದ ಮೂರನ್ನು ಕೂಡಿಸುವ ಕ್ರಮದಲ್ಲಿ, ಆರು ಅಂಕಿಗಳಲ್ಲಿ ಒಂದಾದರೂ 18 ಬರುವ ಸಾಧ್ಯತೆ ನೂರಕ್ಕೆ ಒಂಬತ್ತು. ಅಂಥ ಅಪರೂಪವೇನಲ್ಲ. ಹಳೆಯದನ್ನು ಕೆದಕಬೇಡಿ. ಅವನ ಆ ಆರು ಅಂಕಿಗಳನ್ನೇ ಬೇಕಾದವರು ತಮ್ಮ ಪಾತ್ರಕ್ಕೂ ಇಟ್ಟುಕೊಳ್ಳಲಿ. ಅಲ್ಲಿಗೆ ಲೆಕ್ಕ ಸಮ. ಮುಂದಿನ ಕಥೆಗೆ ದಾಳ ಹಾಕುವುದಾದರೆ ಎಲ್ಲರೂ ಒಟ್ಟಿಗೆ ಕೂತು ಹಾಕಿ.

2024ರ ಹೊಸ ನಿಯಮದಲ್ಲಿ ಸ್ಮೈಟ್ ಒಂದು ಸರದಿಗೆ ಒಂದೇ ಸಲ. ಅದನ್ನು ತರುವುದಾದರೂ ನಿಮ್ಮ ಅಪ್ಪಣೆಯಾಗಿ ಬರಬಾರದು. ಎಲ್ಲರನ್ನೂ ಕೇಳಿ, ಒಪ್ಪಿದರೆ ಅವನಿಗೆ ಪಾತ್ರ ತಿದ್ದಿಕೊಳ್ಳಲು ಅವಕಾಶ ಕೊಡಿ. ಮೊದಲು ಉದ್ದ ದಿನ ಮಾಡಿ ನೋಡಿ, ಬಹುಶಃ ಇದರ ಅಗತ್ಯವೇ ಬರಲ್ಲ.

ಗೆಳತಿಯ ವಿಷಯ ಬೇರೆ. ಅವಳು ಬರುವುದು ಬಿಟ್ಟದ್ದು ಏಟು ಕಡಿಮೆ ಬಿತ್ತು ಅಂತ ಅಲ್ಲ ಅನಿಸುತ್ತದೆ. ಕಣಜದ ಉಪಾಯ ಹೇಳುವಾಗ ಅವಳ ಮಾತು ಮುಗಿಯಲಿಲ್ಲ. ಬಾಗಿಲು ಒದೆಯುತ್ತೇನೆ ಅಂತ ಮೈದುನ ಅಂದಾಗ "ತಡೀಪಾ, ಆಕಿ ಹೇಳೋದು ಮುಗೀಲಿ" ಅನ್ನಬೇಕಾದವರು ನೀವು. ಡಿಎಂ ಕೈಯಲ್ಲಿರುವ ದೊಡ್ಡ ಅಧಿಕಾರ ಅದೇ, ಯಾರ ಸರದಿ ಅಂತ ಹೇಳುವುದು. ಇವತ್ತೇ ಫೋನ್ ಮಾಡಿ. ಮೈದುನನ ಮೇಲೆ ದೂರು ಹೇಳಬೇಡಿ. ಆ ಕಣಜದೊಳಗೆ ನುಗ್ಗಿ ಏನು ಮಾಡಬೇಕು ಅಂತಿದ್ದೆ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ, ಬರೆದುಕೊಳ್ಳಿ. ಮುಂದಿನ ಭಾನುವಾರದ ಆಟ ಅಲ್ಲಿಂದಲೇ ಶುರುವಾಗಲಿ.